ಮಂಜೂರಾಗದ ಮೂರನೆಯ ಮಹಡಿ

ಜೀವಿಗಳಲ್ಲಿ ಎರಡೇ ಬಗೆ: ಸಸ್ಯ ಮತ್ತು ಪ್ರಾಣಿ. ಜೀವಿ ನೋಂದಣಿ ಕಚೇರಿಗೆ ಇರುವುದು ಎರಡೇ ಮಹಡಿಯಾದ್ದರಿಂದ ಈ ವಿಷಯದಲ್ಲಿ ಚರ್ಚೆಗೆ ಅವಕಾಶವಿಲ್ಲ. ಕೆಳಗೆ ಸಸ್ಯಾಧಿಕಾರಿ ಕೂರುತ್ತಾರೆ, ಮೇಲೆ ಪ್ರಾಣಿ ಅಧಿಕಾರಿ. ಮಧ್ಯೆ ಮೆಟ್ಟಿಲು.

ಅಣಬೆ ಅಕ್ಕ ಕೈಯಲ್ಲೊಂದು ತಟ್ಟೆ ಹಿಡಿದು ಕೆಳಮಹಡಿಗೆ ಬಂದಳು. ತಟ್ಟೆಯ ತುಂಬ ಅವಳು ಹಿತ್ತಿಲ ಕತ್ತಲೆ ಕೋಣೆಯಲ್ಲಿ ಬೆಳೆದ ಅಣಬೆ. ಜೊತೆಗೆ ಜೀವಶಾಸ್ತ್ರದ ಮೇಷ್ಟ್ರಾದ ಮೈದುನ. ಕಚೇರಿಯಲ್ಲಿ ಅಣಬೆ ಸಸ್ಯವೆಂದು ದಾಖಲಾಗಿತ್ತು. ದಾಖಲಾದ ಸಸ್ಯಗಳಿಗೆಲ್ಲ ಶಿಲೀಂಧ್ರನಾಶಕ ಸಿಂಪಡಿಸಬೇಕೆಂದು ನಿಯಮವಿತ್ತು. ಮರುದಿನ ಬೆಳಿಗ್ಗೆ ಸಿಂಪಡಿಸುವವನು ಬರುವವನಿದ್ದ. ಅಕ್ಕನ ಮನೆಯ ಒಲೆ ಉರಿಯುತ್ತಿದ್ದುದು ಆ ಒಂದು ಕೋಣೆಯ ಬೆಳೆಯಿಂದ.

“ಸರ್, ಆ ಔಷಧಿ ಬೂಷ್ಟು ಸಾಯಿಸೋದಕ್ಕೆ ತಾನೆ? ಅಣಬೆನೂ ಅದೇ ಕುಲದ್ದು. ಹೊಡೆದರೆ ಬೆಳೆನೇ ಸತ್ತುಹೋಗುತ್ತೆ.”

“ಸತ್ತರೆ ಔಷಧಿ ಒಳ್ಳೇದು ಅಂತ ಅರ್ಥ, ತಾಯಿ.”

ಮೈದುನ ಗಂಟಲು ಸರಿಮಾಡಿಕೊಂಡ. “ಅಣಬೆ ಸಸ್ಯ ಅಲ್ಲ ಸರ್. ಬಿಸಿಲಿನಿಂದ ಆಹಾರ ಮಾಡ್ಕೊಳ್ಳೋದಕ್ಕೆ ಅದಕ್ಕೆ ಬರಲ್ಲ. ಸಸ್ಯ, ಪ್ರಾಣಿ ಇದ್ದ ಹಾಗೆ ಶಿಲೀಂಧ್ರಗಳದ್ದೂ ಒಂದು ಬೇರೆ ಸಾಮ್ರಾಜ್ಯ.”

“ಅದು ಯಾವ ಮಹಡೀಲಿ ಬರುತ್ತೆ, ಮೇಷ್ಟ್ರೇ?”

ಮೈದುನ ತಲೆಯೆತ್ತಿ ಚಾವಣಿ ನೋಡಿದ.

“ಮೂರನೇ ಮಹಡಿಗೆ ನಮ್ಮ ಹಿಂದಿನವರ ಕಾಲದಿಂದ ಬರೀತಾ ಇದ್ದೀವಿ. ಮಂಜೂರಾಗಿಲ್ಲ. ಆಗೋವರೆಗೆ ಶಿಲೀಂಧ್ರ ಅನ್ನೋದೇ ಇಲ್ಲ.”

“ಶಿಲೀಂಧ್ರ ಇಲ್ಲದಿದ್ದರೆ ಶಿಲೀಂಧ್ರನಾಶಕ ಯಾಕೆ?” ಎಂದಳು ಅಕ್ಕ.

“ಅದು ಖರೀದಿಯಾಗಿದೆ.”

ಈ ಉತ್ತರದಲ್ಲಿ ಯಾವ ಲೋಪವೂ ಇರಲಿಲ್ಲ. ಮೈದುನ ಸೋತ ದನಿಯಲ್ಲಿ, “ಹಾಗೆ ನೋಡಿದ್ರೆ ಅಣಬೆ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಸಂಬಂಧಿ,” ಎಂದು ಗೊಣಗಿದ.

ಸಸ್ಯಾಧಿಕಾರಿಯ ಮುಖ ಅರಳಿತು. “ಮೊದಲೇ ಹೇಳಬಾರದಾ? ಮೆಟ್ಟಿಲು ಅಲ್ಲಿದೆ.”

ಮೇಲ್ಮಹಡಿಯ ಪ್ರಾಣಿ ಅಧಿಕಾರಿ ತಟ್ಟೆಯನ್ನು ಸುತ್ತು ಹಾಕಿ ನೋಡಿದರು. “ತಾನೇ ದುಡಿದು ತಿನ್ನಲ್ವಾ?”

“ಇಲ್ಲ ಸರ್. ಕತ್ತಲೆ ಕೋಣೇಲಿ ಒಣಹುಲ್ಲು ಹಾಕಿದರೆ ಅದರ ಮೇಲೇ ಬದುಕುತ್ತೆ.”

“ಕತ್ತಲೆ ಕೋಣೇಲಿ ಬಿದ್ದುಕೊಂಡು, ಬೇರೆಯವರು ಕೊಟ್ಟಿದ್ದು ತಿಂದು ದಪ್ಪಗಾಗುತ್ತೆ. ನನ್ನ ಭಾವಮೈದುನನೂ ಹೀಗೇ. ಪ್ರಾಣಿನೇ, ಸಂಶಯವಿಲ್ಲ.”

ಅಧಿಕಾರಿ ಕರೆಸಿದ ಪಶುವೈದ್ಯರು ಅಣಬೆಗೆ ಸ್ಟೆತಾಸ್ಕೋಪ್ ಇಟ್ಟರು. “ಎದೆಬಡಿತ ಕೇಳ್ತಿಲ್ಲ.”

“ಹೆದರಿರಬೇಕು,” ಎಂದರು ಅಧಿಕಾರಿ.

ಅಕ್ಕ ಅಲ್ಲವೆನ್ನಲು ಬಾಯಿ ತೆರೆದಳು. ಸಿಂಪಡಿಸುವವನು ನೆನಪಾದ. “ಹೌದು ಸರ್, ಹುಟ್ಟಿದಾಗಿನಿಂದ ಪುಕ್ಕಲು,” ಎಂದಳು.

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: “ಅಣಬೆಯು ಕಾಲಿಲ್ಲದ, ಸಾಧು ಸ್ವಭಾವದ ಪ್ರಾಣಿಯೆಂದು ಈ ಮೂಲಕ ಘೋಷಿಸಲಾಗಿದೆ. ಪ್ರತಿಯೊಂದರ ಕಿವಿಗೂ ಬಿಲ್ಲೆ ಹಾಕತಕ್ಕದ್ದು. ಕಿವಿ ಕಾಣದಿದ್ದಲ್ಲಿ ಟೋಪಿಯ ಅಂಚನ್ನೇ ಕಿವಿಯೆಂದು ಭಾವಿಸತಕ್ಕದ್ದು. ದಿನಕ್ಕೊಮ್ಮೆ ಹೊರಗೆ ಅಡ್ಡಾಡಿಸತಕ್ಕದ್ದು.”

“ಅತ್ತಿಗೆ, ಇದು ಶುದ್ಧ ತಪ್ಪು,” ಎಂದ ಮೈದುನ, ಮನೆ ತಲುಪುವವರೆಗೂ. “ವರ್ಗೀಕರಣ ಅಂದ್ರೆ ಹೆಸರಿಡೋ ಆಟ ಅಲ್ಲ. ಯಾರು ಯಾರ ನೆಂಟರು ಅಂತ ತಿಳಿದ್ರೆ ತಾನೆ ಯಾವ ಔಷಧಿ ಯಾರನ್ನ ಕೊಲ್ಲುತ್ತೆ ಅಂತ ಗೊತ್ತಾಗೋದು?”

“ನನಗೆ ಗೊತ್ತಾಯ್ತಲ್ಲ, ಸಾಕು. ತಟ್ಟೆ ನೆಟ್ಟಗೆ ಹಿಡಿ.”

ಬೆಳಿಗ್ಗೆ ಸಿಂಪಡಿಸುವವನು ಬಂದ. ಬಿಲ್ಲೆ ಕಂಡ. ಮೂಕಪ್ರಾಣಿಗಳ ಮೇಲೆ ವಿಷ ಹೊಡೆಯಲು ತಾನೇನು ಕಟುಕನೇ ಎಂದು ನೊಂದುಕೊಂಡು ಹೊರಟುಹೋದ.

ಅಂದಿನಿಂದ ದಿನಾ ಸಂಜೆ ಅಕ್ಕ ಅಣಬೆಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿ ಬೀದಿ ಸುತ್ತಿಸುತ್ತಾಳೆ. ನಿಯಮ ನಿಯಮವೇ. ಮೈದುನ ಮುಖ ಗಂಟಿಕ್ಕಿಕೊಂಡು ಕೊಡೆ ಹಿಡಿಯುತ್ತಾನೆ.

“ಏನಕ್ಕ, ಇವತ್ತು ಸಪ್ಪಗಿವೆ?” ಎಂದಳು ಒಂದು ದಿನ ಎದುರುಮನೆಯ ದರ್ಜಿ.

“ನಿನ್ನೆ ಬಿಸಿಲು ತಾಗಿತು ಕಣೇ.”

ಅಷ್ಟರಲ್ಲಿ ದರ್ಜಿಯ ನಾಯಿ ಬೊಗಳಿತು. ಮೈದುನ ಕೊಡೆ ಬಿಟ್ಟು, ತಳ್ಳುಗಾಡಿಯ ಮೇಲೆ ಎರಡೂ ಕೈ ಅಡ್ಡ ಹಿಡಿದ.

“ಏನಿಲ್ಲ, ಏನಿಲ್ಲ,” ಎಂದು ಅಣಬೆಗಳ ತಲೆ ಸವರಿದ, “ನಾಯಿ ಅಷ್ಟೆ.”