ಐದು ಕುರ್ತಾ, ಮೂರು ಸಲ್ವಾರ್, ಎರಡು ದುಪಟ್ಟಾ

ಹೊಲಿಗೆ ಯಂತ್ರ ಇರುವ ಮನೆಯಲ್ಲಿ ಒಂದು ವಾರ ಏನೂ ಎಡವಟ್ಟಾಗದೆ ಕಳೆಯಿತು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಮನೆಯಲ್ಲಂತೂ ಸೂಜಿಗೆ ದಾರ ಪೋಣಿಸಿದ ಕೂಡಲೇ ಏನಾದರೊಂದು ಶುರುವಾಗುತ್ತಿತ್ತು. ಅದು ಎಲ್ಲಿಂದ ಶುರುವಾಯಿತು, ಎಲ್ಲಿಗೆ ಹೋಗಿ ಮುಟ್ಟಿತು ಎನ್ನುವುದು ಇವತ್ತಿಗೂ ನನಗೆ ಸರಿಯಾಗಿ ಅರ್ಥವಾಗಿಲ್ಲ.

ಮದುವೆಯಾಗಿ ಮೈಸೂರಿನಿಂದ ಬಂದು ನಾಲ್ಕು ವರ್ಷವಾಗಿತ್ತು. ಐರೋಲಿಯ ಒಂದು ಕಂಪನಿಯಲ್ಲಿ ಹೊಸ ಕೆಲಸ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ. ದಿನಾ ಬೆಳಿಗ್ಗೆ ಬೀರುವಿನ ಮುಂದೆ ನಿಂತು, ಹಸಿರು ಕುರ್ತಾಗೆ ಯಾವ ಸಲ್ವಾರ್, ಆ ಸಲ್ವಾರಿಗೆ ಯಾವ ದುಪಟ್ಟಾ ಎಂದು ಯೋಚಿಸುವಷ್ಟರಲ್ಲಿ ಲೋಕಲ್ ಟ್ರೈನು ಹೊರಟುಹೋಗಿರುತ್ತಿತ್ತು. ಅದಕ್ಕೇ ಒಂದು ಭಾನುವಾರ ತೀರ್ಮಾನ ಮಾಡಿದೆ. ಆಫೀಸಿನ ಬಟ್ಟೆಯನ್ನೆಲ್ಲ ನಾನೇ ಹೊಲಿಯುತ್ತೇನೆ, ಯಾವುದಕ್ಕೆ ಯಾವುದನ್ನು ಹಾಕಿದರೂ ಹೊಂದಬೇಕು.

1. ಅಂಗಡಿಯ ನೀಲಿ

ನನ್ನ ಗಂಡನಿಗೆ ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವುದೆಂದರೆ ಪ್ರಾಣ. ಐದು ಕುರ್ತಾ, ಮೂರು ಸಲ್ವಾರ್, ಎರಡು ದುಪಟ್ಟಾ ಎಂದೆ. ಐದು ನಿಮಿಷದಲ್ಲಿ ಚೌಕಚೌಕದ ಒಂದು ಹಾಳೆ ತಯಾರಾಯಿತು.

"ಒಟ್ಟು ಮೂವತ್ತು ಜೋಡಿ ಆಗುತ್ತೆ ಕಣೇ," ಎಂದರು. "ಆದ್ರೆ ಆಫೀಸು ಇರೋದು ತಿಂಗಳಿಗೆ ಇಪ್ಪತ್ತೆರಡು ದಿನ. ಉಳಿದ ಎಂಟು ಏನ್ ಮಾಡ್ತೀಯ?"

ಇಂಥ ಸಮಸ್ಯೆ ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಸಾಯಂಕಾಲದವರೆಗೂ ಇಬ್ಬರೂ ಅದನ್ನೇ ಯೋಚಿಸಿದೆವು. ಬಟ್ಟೆ ಇನ್ನೂ ಕೊಂಡೇ ಇಲ್ಲ ಎನ್ನುವುದು ಊಟದ ಹೊತ್ತಿಗೆ ನೆನಪಾಯಿತು.

ಮರುವಾರ ಕಲ್ಯಾಣಿನ ಪೇಟೆಗೆ ಹೋದೆ. ಕಡುನೀಲಿಯೇ ಮುಖ್ಯ ಬಣ್ಣ, ಅದಕ್ಕೆ ಬೂದು ಜೊತೆ ಎಂದು ಪಟ್ಟಿಯಲ್ಲಿತ್ತು. ಒಂದು ನೀಲಿ ಕುರ್ತಾಗೆ, ಒಂದು ಸಲ್ವಾರಿಗೆ, ಒಂದು ದುಪಟ್ಟಾಗೆ. ಮೂರನ್ನೂ ಒಂದರ ಪಕ್ಕ ಒಂದಿಟ್ಟು, ಕಣ್ಣು ಕಿರಿದು ಮಾಡಿ, ಹಿಂದೆ ಸರಿದು, ಮುಂದೆ ಬಂದು ನೋಡಿ, ಅಂಗಡಿಯವನಿಂದ ಕತ್ತರಿಸಿಕೊಂಡು ಬಂದೆ. ಮನೆಯ ಬಾಲ್ಕನಿಯ ಬಿಸಿಲಲ್ಲಿ ಬಿಚ್ಚಿದರೆ ಒಂದು ನೀಲಿ, ಒಂದು ಕಪ್ಪು, ಇನ್ನೊಂದು ಪಕ್ಕಾ ಬದನೆಕಾಯಿ.

ಮತ್ತೆ ಕಲ್ಯಾಣಿಗೆ ಓಡಿದೆ. ಅಂಗಡಿಯವನು ಮೂರನ್ನೂ ತನ್ನ ಟ್ಯೂಬ್‌ಲೈಟಿನ ಕೆಳಗೆ ಹಿಡಿದ. ಮೂರೂ ಒಂದೇ ನೀಲಿ! ನನಗೆ ನನ್ನ ಕಣ್ಣಿನ ಮೇಲೇ ಅನುಮಾನ ಬಂತು.

"ಬಿಸಿಲಲ್ಲಿ ಬೇರೆ ಬೇರೆ ಕಾಣ್ತಾವೆ ಭಯ್ಯಾ," ಎಂದು ನನ್ನ ಹಿಂದಿಯಲ್ಲಿ ಗೋಳಾಡಿದೆ.

ಅವನು ಸಮಾಧಾನವಾಗಿ ಕೇಳಿದ. "ಆಫೀಸಲ್ಲಿ ಟ್ಯೂಬ್‌ಲೈಟ್ ಇದೆಯಾ?"

"ಇದೆ."

"ಮತ್ತೆ ಬಿಸಿಲಲ್ಲಿ ನಿಮಗೇನು ಕೆಲಸ ಮೇಡಂ?"

ಬಟ್ಟೆ ಮಡಚಿಕೊಂಡು ವಾಪಸು ಬಂದೆ.

2. ತೋಳಿನೊಳಗಿನ ಭವಿಷ್ಯ

ಹೊಲಿಗೆ ಕಲಿಸಿದ್ದು ಎದುರು ಬಿಲ್ಡಿಂಗಿನ ಅಕ್ಕ. ವಿಜಯಪುರದವರು, ಗಂಡನಿಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ. ಅಕ್ಕನ ಮೊದಲ ಪಾಠವೇ ಎಚ್ಚರಿಕೆಯದು. "ಮೊದಲ ಅರಬಿಗೆ ಕತ್ತರಿ ಹಾಕಬ್ಯಾಡ್ರಿ. ಪೇಪರಿನಾಗ ಕತ್ತರಿಸ್ರಿ, ಅದನ್ನ ಅರಬಿ ಮ್ಯಾಲ ಇಟ್ಟು ಆಮ್ಯಾಲೆ ಅರಬಿ ಕತ್ತರಿಸ್ರಿ." ಅರಬಿ ಎಂದರೆ ಬಟ್ಟೆ ಎಂದು ತಿಳಿಯುವುದಕ್ಕೇ ನನಗೆ ಎರಡು ದಿನ ಹಿಡಿದಿತ್ತು. ಅಲ್ಲಿಯವರೆಗೆ ಇವರು ಯಾವುದೋ ಅರಬ್ ದೇಶದ ಶೈಲಿ ಹೇಳಿಕೊಡುತ್ತಿದ್ದಾರೆ ಎಂದುಕೊಂಡಿದ್ದೆ.

ಒಂದು ಶನಿವಾರ ಕೈಗೆ ಸಿಕ್ಕ ಪೇಪರ್ ತೆಗೆದುಕೊಂಡು ಬೆನ್ನು, ಎದೆ, ತೋಳು ಎಲ್ಲ ಕತ್ತರಿಸಿದೆ. ಬಟ್ಟೆಯ ಮೇಲೆ ಪಿನ್ನು ಹಾಕಿ, ಬಟ್ಟೆಯನ್ನೂ ಕತ್ತರಿಸಿ ಮುಗಿಸಿ ಹೆಮ್ಮೆಯಿಂದ ಸೊಂಟ ನೆಟ್ಟಗೆ ಮಾಡುವಾಗ ಮಾವ ಸ್ನಾನ ಮುಗಿಸಿ ಬಂದರು.

"ಇವತ್ತಿನ ಪೇಪರ್ ಎಲ್ಲಮ್ಮಾ?"

ನಾನು ನೆಲ ನೋಡಿದೆ. ಮಾವನೂ ನೆಲ ನೋಡಿದರು. ಪಾಪ, ಒಂದು ಮಾತೂ ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಚಾಪೆಯ ಮೇಲೆ ಕೂತು ಬೆನ್ನಿನಲ್ಲಿದ್ದ ರಾಜಕೀಯ ಓದಿದರು. ಎದೆಯ ಭಾಗದಲ್ಲಿ ಕ್ರಿಕೆಟ್ ಇತ್ತು. ಕುತ್ತಿಗೆ ಬರುವಲ್ಲಿ ಸ್ಕೋರು ಹೋಗಿಬಿಟ್ಟಿತ್ತು, ಅದಕ್ಕೆ ಸ್ವಲ್ಪ ಬೇಜಾರು ಮಾಡಿಕೊಂಡರು. ಅಷ್ಟರಲ್ಲಿ ಅಕ್ಕ ಬಂದು ತೋಳುಗಳನ್ನು ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಏನ್ರೀ ಇದು? ಎರಡೂ ಎಡಗೈನ ತೋಳು ಕತ್ತರಿಸೀರಲ್ರೀ!"

"ಎರಡಕ್ಕೂ ಒಂದೇ ಪೇಪರ್ ಇಟ್ಟೆ ಅಕ್ಕ..."

"ಎರಡನೇ ಸಲ ಪೇಪರ್ ಮಗಚಿ ಹಾಕಬೇಕಿತ್ತಲ್ರೀ."

ನನಗೆ ಅಳು ಬರುವ ಹಾಗಾಯಿತು. ಮೂರು ವಾರದ ಭಾನುವಾರಗಳು ಆ ಬಟ್ಟೆಯಲ್ಲಿದ್ದವು. ಮಾವ ನಿಧಾನವಾಗಿ ತೋಳಿನ ಪೇಪರ್ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು.

"ನಿಂದು ಕನ್ಯಾ ರಾಶಿ ಅಲ್ವೇನಮ್ಮಾ?"

"ಹೌದು ಮಾವ."

"ಇವತ್ತು ಹೊಸ ಕೆಲಸಕ್ಕೆ ಕೈ ಹಾಕಬಾರದು ಅಂತಿದೆ. ಎಡಗೈಗೂ ಅದೇ ಇದೆ, ಬಲಗೈಗೂ ಅದೇ ಇದೆ ನೋಡು."

3. ಮೂರನೇ ಮಹಡಿ

ಅಂತೂ ಎಂಟು ತಿಂಗಳಲ್ಲಿ ಹತ್ತೂ ಬಟ್ಟೆ ಮುಗಿದವು. ನಾನು ಹಾಳೆ ನೋಡಿಕೊಂಡು ಜೋಡಿ ಒಂದು, ಜೋಡಿ ಎರಡು ಎಂದು ಕ್ರಮವಾಗಿ ಹಾಕತೊಡಗಿದೆ. ಹನ್ನೊಂದನೇ ದಿನ ಪಕ್ಕದ ಸೀಟಿನ ಗೆಳತಿ ನನ್ನನ್ನು ಕ್ಯಾಂಟೀನಿನ ಮೂಲೆಗೆ ಕರೆದುಕೊಂಡು ಹೋಗಿ ಕೈ ಹಿಡಿದಳು. "ಮನೇಲಿ ಎಲ್ಲಾ ಸರಿ ಇದೆ ತಾನೆ? ಎರಡು ವಾರದಿಂದ ಒಂದೇ ಡ್ರೆಸ್ ಹಾಕ್ಕೊಂಡು ಬರ್ತಿದ್ದೀಯ."

ಒಂದೇ ಅಲ್ಲ, ಹನ್ನೊಂದು ಬೇರೆ ಬೇರೆ ಎಂದು ಬ್ಯಾಗಿನಿಂದ ಹಾಳೆ ತೆಗೆದು ತೋರಿಸಿದೆ. ಅವಳು ಹಾಳೆ ನೋಡಿ ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಇದಾಗಿ ತಿಂಗಳಿಗೆ ನಮ್ಮ ಕಟ್ಟಡದ ಕ್ಲೀನಿಂಗ್ ಕೆಲಸಕ್ಕೆ ಹೊಸ ಏಜೆನ್ಸಿ ಬಂತು. ಅವರ ಹೆಂಗಸರ ಯೂನಿಫಾರಂ ನೀಲಿ ಕುರ್ತಾ, ಬೂದು ಸಲ್ವಾರ್. ನನ್ನ ಜೋಡಿ ಏಳು! ಅವತ್ತು ಅದನ್ನೇ ಹಾಕಿಕೊಂಡು ನಾನು ಲಿಫ್ಟಿನಿಂದ ಇಳಿಯುತ್ತಿದ್ದಂತೆ ಅವರ ಸೂಪರ್‌ವೈಸರ್ ಗಡಿಯಾರ ತೋರಿಸಿ ಹಿಂದಿಯಲ್ಲಿ ಗದರಿದ. "ಇದೇನಾ ಬರೋ ಟೈಮು? ಮೂರನೇ ಮಹಡಿಗೆ ಹೋಗು, ಬೇಗ!"

ಆ ದನಿಗೆ ನನ್ನ ತಲೆ ಓಡುವುದೇ ನಿಂತಿತು. ಹೋದೆ. ಯಾಕೆ ಹೋದೆನೋ ನನಗೇ ಗೊತ್ತಿಲ್ಲ. ಅಲ್ಲಿ ಟೇಬಲ್ ಒರೆಸುತ್ತಿದ್ದ ಹೆಂಗಸೊಬ್ಬಳು ಅರ್ಧ ನನಗೆ ಬಿಟ್ಟುಕೊಟ್ಟಳು, ಒರೆಸಿದೆ. ಹೆಸರು ಕೇಳಿದಳು, ಹೇಳಿದೆ. ಟೇಬಲ್ ಮುಗಿದ ಮೇಲೆ, "ನಾನು ಎರಡನೇ ಮಹಡಿಯಲ್ಲಿ ಆಫೀಸರ್," ಎಂದೆ.

ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಹೇಳಿದಳು. "ಎಲ್ಲರೂ ಮೊದಲನೇ ದಿನ ಹೀಗೇ ಹೇಳ್ತಾರೆ. ಆಮೇಲೆ ರೂಢಿ ಆಗುತ್ತೆ."

4. ಠಾಣೆಯಲ್ಲಿ ಪಾದಪೂಜೆ

ಎರಡನೇ ವರ್ಷ ಟೀಮ್ ಲೀಡರ್ ಹುದ್ದೆಗೆ ನನ್ನ ಹೆಸರೂ ಹೋಯಿತು. ನಮ್ಮ ಮ್ಯಾನೇಜರ್ ಬೆಂಗಳೂರಿನವರು. ಸಿಟ್ಟು ಬಂದರೆ ಇಂಗ್ಲಿಷ್, ಗುಟ್ಟು ಹೇಳುವುದಿದ್ದರೆ ಕನ್ನಡ. "ನೀವು ಕೆಲಸದಲ್ಲಿ ಚೆನ್ನಾಗಿದ್ದೀರಿ. ಆದ್ರೆ ತುಂಬಾ ಮೆತ್ತಗೆ. ಹತ್ತು ಜನ ನಿಮ್ಮ ಮಾತು ಕೇಳ್ತಾರಾ ಅನ್ನೋದೇ ನನ್ನ ಡೌಟು," ಎಂದು ಕನ್ನಡದಲ್ಲೇ ಹೇಳಿದ್ದರು. ಅದನ್ನು ಕೇಳಿ ಒಂದು ವಾರ ನಿದ್ದೆ ಬಂದಿರಲಿಲ್ಲ.

ಇಂಟರ್ವ್ಯೂಗೆಂದೇ ಒಂದು ಹೊಸ ಕುರ್ತಾ ಹೊಲಿದಿದ್ದೆ. ಅಂಚು ಮಡಚಿ ಕೈಹೊಲಿಗೆ ಹಾಕುವುದು ಮಾತ್ರ ಬಾಕಿ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್‌ನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ಲೇಡೀಸ್ ಡಬ್ಬಿಯಲ್ಲಿ ಒಬ್ಬರು ಮೆಂತ್ಯ ಸೋಸುತ್ತಿದ್ದರು, ಒಬ್ಬರು ಜಪ ಮಾಡುತ್ತಿದ್ದರು. ನಾನು ಸೂಜಿ ತೆಗೆದು, ಬಿಚ್ಚಿಕೊಳ್ಳಬಾರದೆಂದು ಎರಡೆಳೆ ದಾರ ಪೋಣಿಸಿ, ಹಾಕಿಕೊಂಡಿದ್ದ ಆ ಕುರ್ತಾದ ಅಂಚನ್ನು ಮೊಣಕಾಲಿನ ಮೇಲೆ ಹಿಡಿದು ಹೊಲಿಯತೊಡಗಿದೆ. ದಿವಾ ದಾಟಿತು, ಮುಂಬ್ರಾ ದಾಟಿತು. ಮೂರು ಜನರ ಸೀಟಿನಲ್ಲಿ ನಾಲ್ಕು ಜನ. ಯಾರ ಬಟ್ಟೆ ಯಾರ ಮಡಿಲಲ್ಲಿದೆ ಎನ್ನುವುದು ದೇವರಿಗೇ ಗೊತ್ತು. ಠಾಣೆ ಬರುವ ಹೊತ್ತಿಗೆ ಗಂಟು ಹಾಕಿ ಮುಗಿಸಿದೆ.

ಎದ್ದೆ. ಪಕ್ಕದವರ ದುಪಟ್ಟಾ ನನ್ನ ಜೊತೆ ಎದ್ದಿತು.

"ಅಹೋ, ಮಾಝಿ ಓಢಣಿ!" ಎಂದು ಮರಾಠಿಯಲ್ಲಿ ಕೂಗಿ, ತಮ್ಮ ದುಪಟ್ಟಾ ಹಿಡಿದುಕೊಂಡು ಅವರೂ ಎದ್ದರು. ಅವರು ಹೋಗಬೇಕಾದ್ದು ಮುಲುಂಡಿಗೆ. ಇಳಿಯುವವರ ನೂಕು ನಮ್ಮಿಬ್ಬರನ್ನೂ ಒಟ್ಟಿಗೆ ಠಾಣೆಯಲ್ಲಿ ಇಳಿಸಿತು. ಅವರ ದುಪಟ್ಟಾದ ಒಂದು ಗೇಣು ನನ್ನ ಅಂಚಿನೊಳಗೆ ಅಚ್ಚುಕಟ್ಟಾಗಿ ಹೊಲಿದುಕೊಂಡಿತ್ತು. ಎಳೆದರೆ ಬರಲಿಲ್ಲ. ಕತ್ತರಿ ಇಬ್ಬರ ಹತ್ತಿರವೂ ಇರಲಿಲ್ಲ. ನನ್ನ ಐರೋಲಿ ಗಾಡಿ ಬಿಡುವ ಹೊತ್ತು. ಏನು ಮಾಡಬೇಕೋ ತಿಳಿಯದೆ ನಾನು ನಡೆದೇಬಿಟ್ಟೆ, ಹಿಂದೆಯೇ ಅವರೂ ಓಡಿಬಂದರು. ಸೇತುವೆ ಹತ್ತುವಾಗ ಒಬ್ಬರನ್ನೊಬ್ಬರು ನೋಡಿ ನಗು ಬಂತು. "ಆತಾ ಫಕ್ತ ಸಪ್ತಪದಿ ಬಾಕಿ!" ಎಂದರು ಪುಣ್ಯಾತ್ಗಿತ್ತಿ. ಇನ್ನು ಸಪ್ತಪದಿಯೊಂದೇ ಬಾಕಿಯಂತೆ.

ನನ್ನ ಪ್ಲಾಟ್‌ಫಾರಂನಲ್ಲಿ ಗಾಡಿ ಹೊರಡುವ ಹಾಗಿತ್ತು. ಆಕೆ ಹಿಂದೆಮುಂದೆ ನೋಡದೆ ಎರಡೂ ಮೊಣಕಾಲೂರಿ ಕೂತು, ನನ್ನ ಕುರ್ತಾದ ಅಂಚಿಗೆ ಬಗ್ಗಿ ಹಲ್ಲಿನಿಂದ ದಾರ ಕಡಿಯತೊಡಗಿದರು. ಸಂಕೋಚದಿಂದ ನಾನು "ಬೇಡ, ಬೇಡ, ಏಳಿ" ಎಂದು ಅವರ ತಲೆಯ ಮೇಲೆ ಕೈಯಿಟ್ಟೆ. ಕೊನೆಗೂ ದಾರ ಕಡಿಯಿತು. ಇಬ್ಬರೂ ದಿಕ್ಕಿಗೊಬ್ಬರಂತೆ ಓಡಿದೆವು. ಅವರ ಹೆಸರು ಕೇಳುವುದಕ್ಕೂ ಆಗಲಿಲ್ಲ.

ಇಂಟರ್ವ್ಯೂನಲ್ಲಿ ಮ್ಯಾನೇಜರ್ ನನ್ನ ಫೈಲನ್ನೇ ತೆರೆಯಲಿಲ್ಲ. ಇಂಟರ್ವ್ಯೂಗೆ ಜೊತೆಯಲ್ಲಿ ಕೂತಿದ್ದ ಇಬ್ಬರು ಅಧಿಕಾರಿಗಳು ಹೊರಗೆ ಹೋಗುವವರೆಗೂ ಕಾದು, ದನಿ ತಗ್ಗಿಸಿ ಕನ್ನಡಕ್ಕೆ ತಿರುಗಿದರು.

"ಬೆಳಿಗ್ಗೆ ಠಾಣೆ ಪ್ಲಾಟ್‌ಫಾರಂನಲ್ಲಿ ನಾನೂ ಇದ್ದೆ. ಒಬ್ಬ ಹೆಂಗಸು ನಿಮ್ಮ ಕಾಲಿಗೆ ಬಿದ್ದಿದ್ದರು. ನೀವು ತಲೆ ಮುಟ್ಟಿ ಆಶೀರ್ವಾದ ಮಾಡಿ ಕಳಿಸಿದ್ರಿ. ಯಾರು ಅವರು?"

ಇದ್ದದ್ದನ್ನೇ ಹೇಳಿದೆ. "ಪರಿಚಯ ಇಲ್ಲ ಸಾರ್."

ಅವರು ನನ್ನ ಫೈಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

"ಪರಿಚಯ ಇಲ್ಲದವರೇ ಕಾಲಿಗೆ ಬೀಳ್ತಾರೆ ಅಂದ್ಮೇಲೆ, ನಮ್ಮ ಹತ್ತು ಜನ ಯಾವ ಲೆಕ್ಕ! ಆದ್ರೆ ಒಂದು ಮಾತು ಮೇಡಂ, ಆಫೀಸಲ್ಲಿ ಮಾತ್ರ ಇದೆಲ್ಲಾ ಬೇಡ."