ಫಾಲ್ತು ಪತ್ರಗಳ ಪೋಸ್ಟ್ ಮಾಸ್ತರ

‘ನಿಮಗೆ ಲಾಟರಿ ಹತ್ತಿದೆ, ಕೂಡಲೇ ಉತ್ತರಿಸಿ’ ಎಂದು ಮೇಲ್ ಕಳಿಸುವ ಮೋಸಗಾರರಿಗೆ ಈ ಜಗತ್ತಿನಲ್ಲಿ ಯಾರಾದರೂ ಒಬ್ಬರ ಭಯವಿದ್ದರೆ ಅದು ನಮ್ಮ ಮಾಮಾನದು. ಅವನಿಗೆ ಒಮ್ಮೆ ಬರೆದವರು ಎರಡನೇ ಸಲ ಬರೆಯಲು ಹಿಂಜರಿಯುತ್ತಾರೆ. ಮೂರನೇ ಸಲ ಬರೆಯುವ ಧೈರ್ಯ ಮಾಡಿದವಳು ಒಬ್ಬಳೇ ಒಬ್ಬಳು, ಅವಳ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ. ಇದಕ್ಕೆಲ್ಲ ಕಾರಣ ಇಷ್ಟೇ: ಮಾಮಾ ಉತ್ತರ ಬರೆಯುತ್ತಾನೆ. ಪ್ರತಿಯೊಂದಕ್ಕೂ, ವಿವರವಾಗಿ, ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಎಂಬಲ್ಲಿಂದ ಶುರು ಮಾಡಿ.

ಮಾಮಾ ಎಂದರೆ ನಮ್ಮವ್ವನ ತಮ್ಮ. ತಡಸದ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ತರನಾಗಿ ನಿವೃತ್ತನಾದವನು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ನನ್ನ ತಲೆಗೂದಲು ಇನ್ನಷ್ಟು ವರ್ಷ ಕಪ್ಪಗಿರುತ್ತಿತ್ತು. ಕೂರಲಿಲ್ಲ. ಹಾನಗಲ್ಲಿನ ನಮ್ಮ ಬೀಜ ಬೆಳೆಗಾರರ ಸಂಘಕ್ಕೆ ಗೌರವ ಕಾರ್ಯದರ್ಶಿಯಾಗಿ ಬಂದ. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಶಾಖೆಗಳಿರುವ ಈ ಸಂಘದಲ್ಲಿ ಕಂಪ್ಯೂಟರಿನ ಕೆಲಸ ಅಂತ ಏನೇ ಇದ್ದರೂ ಅದು ನನ್ನದು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನದೇ, ಫ್ಯಾನ್ ತಿರುಗದಿದ್ದರೂ ನನ್ನದೇ.

ಬಂದವನ ಮೊದಲ ಆಜ್ಞೆ ಮೇಲ್ ಬಗ್ಗೆ. ಎಲ್ಲ ಕಡೆ ಮಾಡುವಂತೆ ದೊಡ್ಡ ಕಂಪನಿಯೊಂದರ ಮೇಲ್ ಸೇವೆ ತೆಗೆದುಕೊಳ್ಳೋಣ ಎಂದೆ.

“ನಮ್ಮ ಸಂಘದ ಪತ್ರ ಮಂದಿ ಮನ್ಯಾಗ ಯಾಕ ಇರಬೇಕವಾ? ನಮ್ಮ ಟಪಾಲ ನಮ್ಮ ಕಡೆ ಇರ್ಲಿ.”

ಹಾಗಾಗಿ ಹಿಂದಿನ ಕೋಣೆಯಲ್ಲಿ, ಬೀಜದ ಚೀಲಗಳ ನಡುವೆ, ನಮ್ಮದೇ ಮೇಲ್ ಸರ್ವರ್ ಬಂದು ಕೂತಿತು. ಒಂದು ತಿಂಗಳಲ್ಲಿ ಜಗತ್ತಿನ ಫಾಲ್ತು ಮೇಲುಗಳಿಗೆಲ್ಲ ಅದರ ವಿಳಾಸ ಸಿಕ್ಕಿತು. ಕೂದಲು ಬೆಳೆಸುವ ಎಣ್ಣೆ, ತೂಕ ಇಳಿಸುವ ಪುಡಿ, ಗಂಡ ಸತ್ತು ಕೋಟಿಗಟ್ಟಲೆ ಆಸ್ತಿ ಬಿಟ್ಟುಹೋದ ಯಾವುದೋ ದೇಶದ ವಿಧವೆಯರು! ಇವರೆಲ್ಲರ ನಡುವೆ ‘ಎರಡು ಚೀಲ ಹೀರೇಕಾಯಿ ಬೀಜ ಕಳಿಸಿ’ ಎಂಬ ಬಡ ಮೇಲನ್ನು ಹುಡುಕುವುದು ಹೇಗೆ? ನಾನು ಸ್ಪ್ಯಾಮ್ ಫಿಲ್ಟರ್ ಹಾಕಿದೆ.

ಫಿಲ್ಟರಿನ ಕೆಲಸ ಸರಳ. ಬಂದ ಪ್ರತಿ ಮೇಲನ್ನೂ ಪರೀಕ್ಷಿಸಿ ಅನುಮಾನಕ್ಕೆ ಅಂಕ ಕೊಡುತ್ತದೆ. ವಿಷಯದ ಸಾಲು ಖಾಲಿ ಇದ್ದರೆ ಇಷ್ಟು, ಕಳಿಸಿದವರು ಅಪರಿಚಿತರಾದರೆ ಇಷ್ಟು. ಅಂಕ ಐದು ದಾಟಿದರೆ ಮೇಲ್ ಸೀದಾ ಫಾಲ್ತು ಪೆಟ್ಟಿಗೆಗೆ. ನಾನು ಇದನ್ನು ಮಾಮಾನಿಗೆ ಹೆಮ್ಮೆಯಿಂದ ವಿವರಿಸಿದೆ. ಅವನು ಪೂರ್ತಿ ಕೇಳಿ, ಕನ್ನಡಕ ಏರಿಸಿಕೊಂಡು ಕೇಳಿದ:

“ಓದಾವರು ಯಾರು?”

“ಏನನ್ನ ಮಾಮಾ?”

“ಆ ಪೆಟಗಿಯೊಳಗ ಬಿದ್ದದ್ದನ್ನ.”

“ಯಾರೂ ಓದೂದಿಲ್ಲ. ತಿಂಗಳ ಆದಮ್ಯಾಲೆ ತಾನ ಅಳಿಸಿ ಹೋಗತೈತಿ.”

ಅವನ ಮುಖ ನೋಡಬೇಕಿತ್ತು. ಊರಿನ ಅಂಚೆ ಡಬ್ಬಿಗೆ ಬೆಂಕಿ ಹಚ್ಚಿ ಬಂದೆ ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. “ಒಬ್ಬ ಮನಷ್ಯಾ ಕುಂತು ಬರದಾನ ಅಂದಮ್ಯಾಲೆ ಇನ್ನೊಬ್ಬ ಮನಷ್ಯಾ ಕುಂತು ಓದಬೇಕವಾ” ಎಂದ.

“ಅದನ್ನ ಮನಷ್ಯಾ ಬರದಿಲ್ಲ ಮಾಮಾ, ಮಷೀನ್ ಬರದೈತಿ.”

“ಮಷೀನಿನ ಬಟನ್ ಒತ್ತಿದಾಂವ ಮನಷ್ಯಾ ಹೌದಿಲ್ಲೊ?”

ಮರುದಿನದಿಂದ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದ ಕೂಡಲೇ, ಒಂದು ಕಪ್ ಚಹಾ ಇಟ್ಟುಕೊಂಡು, ಸಂಘದ ಫಾಲ್ತು ಪೆಟ್ಟಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ವ್ರತ ಹಿಡಿದ. ಓದಿ ಸುಮ್ಮನಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆಗಲೇ ಹೇಳಿದೆನಲ್ಲ, ಉತ್ತರ ಬರೆಯುತ್ತಿದ್ದ. ಆಸ್ತಿವಂತ ವಿಧವೆಗೆ ಬರೆದ: ‘ತಾಯೀ, ನಿಮ್ಮ ದುಃಖ ತಿಳಿದು ವ್ಯಥೆಯಾಯಿತು. ಆಸ್ತಿಯನ್ನು ಪರ ಊರಿನವರ ಹೆಸರಿಗೆ ಮಾಡಬೇಡಿ. ಮೊದಲು ತಹಶೀಲ್ದಾರ ಕಚೇರಿಯಲ್ಲಿ ವಾರಸಾ ದಾಖಲೆ ಮಾಡಿಸಿರಿ. ಗಂಡನ ಮರಣ ಪತ್ರದ ನಕಲು ಮೂರು ಇಟ್ಟುಕೊಳ್ಳಿರಿ.’ ಆಕೆ ಮತ್ತೆ ಬರೆದಳು, ಬ್ಯಾಂಕಿನ ವಿವರ ಕೊಡಿ ಎಂದು. ಮಾಮಾ ಮರಣ ಪತ್ರದ ನಕಲು ಇನ್ನೂ ಬಂದಿಲ್ಲವೆಂದು ನೆನಪಿಸಿದ. ಮೂರನೇ ಸಲ ಬರೆದಳು. ಗಂಡನ ಅಣ್ಣತಮ್ಮಂದಿರು ಎಷ್ಟು ಮಂದಿ, ಅವರ ಸಹಿ ಆಗಿದೆಯೇ ಎಂದು ಮಾಮಾ ಕೇಳಿದ. ಅಲ್ಲಿಗೆ ಆಕೆ ಮೌನವಾದಳು. “ಪಾಪ, ಭಾವಮೈದುನರು ಬಿಟ್ಟಿಲ್ಲ ಕಾಣಸ್ತೈತಿ” ಎಂದು ಮಾಮಾ ವಾರಗಟ್ಟಲೆ ಮರುಗಿದ.

ನಿಜವಾದ ಅನಾಹುತ ಆಮೇಲೆ ಶುರುವಾಯಿತು. ಫಿಲ್ಟರಿಗೆ ಕಲಿಯುವ ಗುಣವಿದೆ. ಫಾಲ್ತು ಪೆಟ್ಟಿಗೆಯಿಂದ ನೀವು ಒಂದು ಮೇಲನ್ನು ಎತ್ತಿ ಒಳ್ಳೆಯದರ ಸಾಲಿಗೆ ಹಾಕಿದರೆ, ‘ಓಹೋ, ಇಂಥವು ಒಳ್ಳೆಯವು’ ಎಂದು ಅದು ಮನದಟ್ಟು ಮಾಡಿಕೊಳ್ಳುತ್ತದೆ. ಮಾಮಾ ದಿನವೂ ಎತ್ತಿ ಹಾಕುತ್ತಿದ್ದ. ಎಣ್ಣೆ ಮಾರುವವನು ಮರ್ಯಾದೆಯಿಂದ ಬರೆದಿದ್ದಾನೆಂದು ಅವನನ್ನು, ಕಷ್ಟದಲ್ಲಿದ್ದಾರೆಂದು ವಿಧವೆಯರನ್ನು. ಎರಡೇ ತಿಂಗಳಲ್ಲಿ ಆ ಯಂತ್ರದ ಬುದ್ಧಿ ಪೂರ್ತಿ ತಿರುಗಿತು. ಕೂದಲೆಣ್ಣೆ ಇನ್‌ಬಾಕ್ಸಿಗೆ ರಾಜಮರ್ಯಾದೆಯಿಂದ ಬರತೊಡಗಿತು. ಸವಣೂರು ಶಾಖೆಯ ದಿನದ ವರದಿ ಫಾಲ್ತು ಪೆಟ್ಟಿಗೆಗೆ ಬಿತ್ತು.

“ಮೇಡಂ, ನಮ್ಮ ವರದಿ ಮುಟ್ಟಿಲ್ಲೇನ್ರಿ? ನಾಕ್ ದಿನದಿಂದ ಕಳಸಾಕತ್ತೇನ್ರಿ” ಎಂದು ಸವಣೂರಿನ ಗುಮಾಸ್ತ ಫೋನ್ ಮಾಡಿದ.

ಏನು ಹೇಳಲಿ? ನಿಮ್ಮ ಮಾತಿಗಿಂತ ಎಣ್ಣೆ ಮಾರುವವನ ಮಾತು ನಮ್ಮ ಸರ್ವರಿಗೆ ಹೆಚ್ಚು ನಂಬಿಕೆಯದು ಅಂತಲೇ? ಅದು ಕಲಿತಿದ್ದನ್ನೆಲ್ಲ ಅಳಿಸಿದೆ. ಒಂದಿಷ್ಟು ಒಳ್ಳೆಯ ಮೇಲು, ಒಂದಿಷ್ಟು ಕೆಟ್ಟ ಮೇಲು ಎಂದು ವಿಂಗಡಿಸಿ, ಒಂದನೇ ಇಯತ್ತೆಯ ಮಗುವಿಗೆ ಅಕ್ಷರ ತಿದ್ದಿಸುವಂತೆ ಮೊದಲಿನಿಂದ ಕಲಿಸಿದೆ. ವಾರ ಹಿಡಿಯಿತು. ಮಾಮಾ ಬಾಗಿಲಲ್ಲಿ ನಿಂತು ನೋಡಿ, “ಬಾಳ ಕೆಲಸ ಹಚಗೊಂಡೀಯಲ್ಲ, ಏನಾಗೇತಿ?” ಎಂದು ಕೇಳಿದ. ನಾನು ಎತ್ತಿ ಹಾಕುವ ಅಧಿಕಾರ ಅವನ ಕೈಯಿಂದ ಕಿತ್ತುಕೊಂಡೆ, ಓದುವುದಕ್ಕೆ ಮಾತ್ರ ಬಿಟ್ಟೆ.

ಇನ್ನೊಂದು ಉಪಾಯವನ್ನೂ ಹೂಡಿದೆ. ಗೊತ್ತಿಲ್ಲದ ಸರ್ವರ್ ಮೊದಲ ಸಲ ನಮ್ಮ ಬಾಗಿಲು ಬಡಿದರೆ ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಎಂದು ಹೇಳಿ ಕಳಿಸುವುದು. ನೆಟ್ಟಗಿನ ಸರ್ವರ್ ಹತ್ತು ನಿಮಿಷ ಬಿಟ್ಟು ತಾನೇ ಮತ್ತೆ ಬರುತ್ತದೆ. ಒಂದೇ ಹೊತ್ತಿಗೆ ಲಕ್ಷ ಕಡೆ ಮೇಲ್ ತೂರುವ ಫಾಲ್ತು ಯಂತ್ರಕ್ಕೆ ತಿರುಗಿ ಬರುವಷ್ಟು ವ್ಯವಧಾನವಿರುವುದಿಲ್ಲ. ಇದನ್ನು ಮಾಮಾನಿಗೆ ಹೇಳಬಾರದಿತ್ತು. ಹೇಳಿದೆ.

“ಬಾಗಲಿಗೆ ಬಂದಾವ್ರಿಗೆ ಆಮ್ಯಾಲೆ ಬಾ ಅಂತೀದಿ? ಯಾರ ಮನ್ಯಾಗ ಕಲತಿ ಇದನ್ನ?”

ಅಂದೇ ಮಧ್ಯಾಹ್ನ ಅವನು ಶಾಖೆಗಳಿಗೂ ಬೀಜದ ವ್ಯಾಪಾರಿಗಳಿಗೂ ಒಬ್ಬೊಬ್ಬರಿಗೆ ಫೋನ್ ಹಚ್ಚಿ, “ತಪ್ಪ ತಿಳಕೋಬ್ಯಾಡ್ರಿ, ಇನ್ನ ಮ್ಯಾಲೆ ಏನ ಕಳಸೂದಿದ್ರೂ ಎರಡೆರಡ ಸಲ ಕಳಸ್ರಿ” ಎಂದು ವಿನಂತಿಸಿಕೊಂಡ. ನಮ್ಮದೇ ಶಾಖೆಗಳಿಗೆ ಈ ನಿಯಮ ಅನ್ವಯಿಸುವುದೇ ಇಲ್ಲ. ಆದರೂ ಶಿಗ್ಗಾವಿಯ ಗುಮಾಸ್ತ ಬಲು ನಿಷ್ಠಾವಂತ. ಎರಡು ಸಲ ಎಂದರೆ ಮೂರು ಸಲ ಕಳಿಸಿದ. ಒಂದೇ ಮೇಲು ಮೂರು ಮೂರು ಸಲ ಬಂದಾಗ ಫಿಲ್ಟರಿಗೆ ಅನುಮಾನ ಬಾರದೆ ಇರುತ್ತದೆಯೇ? ಮೂರನ್ನೂ ಫಾಲ್ತು ಪೆಟ್ಟಿಗೆಗೆ ಹಾಕಿತು. “ನೋಡು, ಮೂರ ಸಲ ಕಳಿಸಿದ್ರೂ ನಿನ್ನ ಯಂತ್ರ ಒಳಗ ಬಿಡವಲ್ದು” ಎಂದು ಮಾಮಾ ನನಗೇ ತೋರಿಸಿದ. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಇಷ್ಟೆಲ್ಲ ಆಗಿ, ಮಳೆಗಾಲ ಶುರುವಾದ ಹೊಸತರಲ್ಲಿ, ಒಂದು ಬೆಳಿಗ್ಗೆ ಮಾಮಾ ಫಾಲ್ತು ಪೆಟ್ಟಿಗೆಯ ಮುಂದಿನಿಂದ ಕರೆದ. ಜೋರಾಗಿ ಕರೆಯಲಿಲ್ಲ. ಅದಕ್ಕೇ ಎದ್ದು ಹೋದೆ.

“ಇದನ್ನ ಓದು.”

ಮಾಸೂರಿನ ರೇಣವ್ವ ಎಂಬ ಹೆಣ್ಣುಮಗಳು ಕಳಿಸಿದ ಮೇಲು. ಬಂದು ನಾಲ್ಕು ದಿನವಾಗಿತ್ತು. ರಜೆಗಳ ನಡುವೆ ಕಚೇರಿ ಮುಚ್ಚಿದ್ದರಿಂದ ಮಾಮಾನೂ ನೋಡಿರಲಿಲ್ಲ. ಸಂಘಕ್ಕಾಗಿ ಹೈಬ್ರಿಡ್ ಬದನೆ ಬೀಜ ಬೆಳೆಯುವ ಹೊಲಗಳಲ್ಲಿ, ಗಂಡು ಗಿಡದ ಪರಾಗವನ್ನು ಹೆಣ್ಣು ಗಿಡದ ಹೂವಿಗೆ ಕೈಯಿಂದ ಮುಟ್ಟಿಸುವ ಹೆಂಗಸರ ಗುಂಪಿನ ಮುಖ್ಯಸ್ಥೆ ಈಕೆ. ಗಂಡು, ಹೆಣ್ಣು ಎರಡೂ ಜಾತಿಯ ಬೀಜವನ್ನು ನಾವೇ ಕೊಡುತ್ತೇವೆ, ಎರಡನ್ನೂ ಬೇರೆ ಬೇರೆ ಮಡಿಯಲ್ಲಿ ಸಸಿ ಮಾಡಿ ನಾಟಿ ಮಾಡುತ್ತಾರೆ. ರೇಣವ್ವ ಬರೆದಿದ್ದಳು: ‘ಎರಡೂ ಮಡಿಯ ಸಸಿಯ ಕಾಂಡ ನೇರಳೆ ಬಣ್ಣ ಇದೆ. ಒಂದು ಹಸಿರು ಇರಬೇಕು. ಎರಡೂ ಚೀಲದಲ್ಲಿ ಒಂದೇ ಬೀಜ ಬಂದಿದೆ ಅನಿಸುತ್ತದೆ. ನಾಳೆ ನಾಟಿ. ಏನು ಮಾಡಬೇಕು ತಿಳಿಸಿರಿ.’ ಜೊತೆಗೆ ಎರಡು ಫೋಟೋ.

ಎರಡೂ ಒಂದೇ ಜಾತಿಯಾಗಿದ್ದರೆ ಆ ಭಾಗದ ಅಷ್ಟೂ ಹೊಲಗಳ ಹಂಗಾಮು ಮಣ್ಣುಪಾಲು. ಬೆಳೆದ ಬೀಜವನ್ನು ಯಾರೂ ಕೊಳ್ಳುವುದಿಲ್ಲ. ಅಷ್ಟು ಒಳ್ಳೆಯ ಮೇಲಿಗೆ ಫಿಲ್ಟರ್ ಯಾಕೆ ಆರೂವರೆ ಅಂಕ ಕೊಟ್ಟಿತೆಂದು ನೋಡಿದೆ. ವಿಷಯದ ಸಾಲು ಖಾಲಿ. ಅಪರಿಚಿತ ವಿಳಾಸ. ದೊಡ್ಡ ಫೋಟೋ, ಕಡಿಮೆ ಬರಹ. ಎಲ್ಲಕ್ಕಿಂತ ಹೆಚ್ಚು ಅಂಕ ಕೊನೆಯ ಕಾರಣಕ್ಕೆ: ಪರಕೀಯ ಲಿಪಿ.

“ಪರಕೀಯ ಅಂದ್ರ?” ಎಂದ ಮಾಮಾ.

“ಕನ್ನಡ, ಮಾಮಾ.”

ಫಿಲ್ಟರಿಗೆ ಯಾವ ಯಾವ ಭಾಷೆಯ ಪತ್ರ ಬರಬಹುದೆಂದು ಹೇಳಿಕೊಡುವ ಒಂದು ಸಾಲು ಇರುತ್ತದೆ. ಅದರಲ್ಲಿ ಇಂಗ್ಲಿಷ್ ಒಂದೇ ಇತ್ತು. ಶಾಖೆಗಳ ವರದಿಯೆಲ್ಲ ಇಂಗ್ಲಿಷಿನಲ್ಲೇ ಬರುತ್ತಿದ್ದುದರಿಂದ ನನಗದು ಹೊಳೆದೇ ಇರಲಿಲ್ಲ. ಮಾಮಾ ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ. ಕೊಡೆ ತೆಗೆದುಕೊಂಡು, “ನಡಿ, ಬಸ್ ಐತಿ” ಎಂದ.

ರೇಣವ್ವನ ಫೋನ್ ಹತ್ತಲಿಲ್ಲ. ಹಿರೇಕೆರೂರಿಗೆ ಹೋಗಿ, ಅಲ್ಲಿಯ ಶಾಖೆಯಿಂದ ಸರಿಯಾದ ಬೀಜದ ಚೀಲ ಹೊತ್ತುಕೊಂಡು ಮಾಸೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಹೊಲದಲ್ಲಿ ನಾಟಿ ಆಗಿರಲಿಲ್ಲ. ರೇಣವ್ವ ಒಪ್ಪಿರಲಿಲ್ಲವಂತೆ. ಮಾಲೀಕರು ಎರಡು ಸಲ ಬಂದು ಗದರಿಸಿದರೂ, ಸಂಘದಿಂದ ಉತ್ತರ ಬರುವವರೆಗೆ ಸಸಿ ಕೀಳುವುದಿಲ್ಲವೆಂದು ತನ್ನ ಗುಂಪನ್ನು ಕೂರಿಸಿಬಿಟ್ಟಿದ್ದಳು. ನಾಲ್ಕು ದಿನದ ಕೂಲಿ ಹೋದರೂ ಅವರಲ್ಲಿ ಒಬ್ಬಳೂ ಎದ್ದು ಹೋಗಿರಲಿಲ್ಲ.

“ರಜಾದ ಮುಂಚಿನ ದಿನ ಕಚೇರಿಗೆ ಫೋನ್ ಮಾಡಿದ್ದೆರಿ” ಎಂದಳು ರೇಣವ್ವ. “ದೂರು ಇದ್ರ ಮೇಲ್ ಮಾಡ್ರಿ, ಫೋನಿನ್ಯಾಗ ತಗೊಳ್ಳೂದಿಲ್ಲ ಅಂದ್ರು. ಮಗಳ ಮೊಬೈಲಿನ್ಯಾಗ ಬರದೆ.”

ದೂರುಗಳನ್ನು ಮೇಲಿನಲ್ಲೇ ಕಳಿಸಬೇಕೆಂಬ ನಿಯಮ ಮಾಡಿದವಳು ನಾನು. ಮಾಮಾನಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಕನ್ನಡದಾಗ ಬರದದ್ದು ತಪ್ಪಾತೇನ್ರಿ?” ಎಂದು ಆಕೆ ಅಳುಕುತ್ತ ಕೇಳಿದಳು.

“ನೀ ಬರದದ್ದು ಖರೇ ಐತಿ ತಂಗಿ” ಎಂದ ಮಾಮಾ. “ನಮಗ ಓದಾಕ ಬರಲಿಲ್ಲ.”

ಹೊಸ ಬೀಜ ಮಡಿಗೆ ಬಿತ್ತು. ನಾಟಿ ತಡವಾಯಿತು, ಆದರೆ ಹಂಗಾಮು ಉಳಿಯಿತು. ಆ ಹೆಂಗಸರ ನಾಲ್ಕು ದಿನದ ಕೂಲಿಯನ್ನು ಸಂಘವೇ ಕೊಡಬೇಕೆಂದು ಮಾಮಾ ಮುಂದಿನ ಸಭೆಯಲ್ಲಿ ಹಟ ಹಿಡಿದು ಕೊಡಿಸಿದ. ನಾನು ಮರುದಿನವೇ ಆ ಒಂದು ಸಾಲಿಗೆ ಕನ್ನಡ ಸೇರಿಸಿದೆ. ದೂರಿನ ನಿಯಮವನ್ನು ಕಿತ್ತುಹಾಕಿದೆ.

ಇದರಿಂದ ಮಾಮಾ ಸುಧಾರಿಸಿದ ಎಂದುಕೊಂಡಿರಾ? ಇನ್ನಷ್ಟು ಕೆಟ್ಟ. ಈಗ ಅವನಿಗೊಂದು ಪುರಾವೆ ಸಿಕ್ಕಿತ್ತು. ಮೇಲಿಗೆ ಕೊಡುವ ಅಂಕದ ಬಗ್ಗೆ ದಿನವೂ ಜಗಳ. ಐದನ್ನು ಏಳು ಮಾಡು, ಏಳನ್ನು ಹತ್ತು ಮಾಡು. ನನ್ನ ಪಕ್ಕದ ಮೇಜಿನಲ್ಲೇ ಕೂತು, ದಿನವಿಡೀ, ಬೇರೆ ಮಾತೇ ಇಲ್ಲ.

ಹೋದ ತಿಂಗಳು ಸರ್ವರಿನಲ್ಲಿ ಜಾಗ ತುಂಬಿತು. ಸಂಘದ ಪೆಟ್ಟಿಗೆಯಂತೆ ಸಿಬ್ಬಂದಿಯ ಒಬ್ಬೊಬ್ಬರಿಗೂ ಅವರದೇ ಫಾಲ್ತು ಪೆಟ್ಟಿಗೆ ಇರುತ್ತದೆ. ತಾನಾಗಿ ಅಳಿಸುವುದನ್ನು ಮಾಸೂರಿನ ಪ್ರಕರಣದ ನಂತರ ನಿಲ್ಲಿಸಿದ್ದೆ. ಎಲ್ಲರಿಗೂ ಖಾಲಿ ಮಾಡಲು ಹೇಳಿ, ನನ್ನದನ್ನು ತೆರೆದೆ. ನನ್ನ ಫಿಲ್ಟರಿನ ಮೇಲೆ ನನಗೆ ಅಷ್ಟು ಭರವಸೆ. ಅದುವರೆಗೆ ಒಮ್ಮೆಯೂ ತೆರೆದಿರಲಿಲ್ಲ. ಒಳಗೆ ಎಣ್ಣೆಯವರ ನಡುನಡುವೆ ಒಂದೇ ವಿಳಾಸದ ಮೇಲುಗಳಿದ್ದವು. ವಿಷಯದ ಸಾಲಿಲ್ಲ, ಕೆಳಗೆ ಹೆಸರಿಲ್ಲ, ಒಂದೊಂದೇ ಸಾಲು. ಮಾತಿನಿಂದಲೇ ಗುರುತು ಸಿಕ್ಕಿತು, ಮಾಮಾ ತನ್ನ ಮೊಬೈಲಿನಿಂದ ಕಳಿಸಿದ್ದು.

ಮೊದಲನೆಯದರ ದಿನಾಂಕ, ಅವ್ವ ತೀರಿಕೊಂಡು ಹದಿನೈದು ದಿನಕ್ಕೆ. ಈ ಚಳಿಗಾಲದಲ್ಲಿ ಅವ್ವ ಹೋದಳು. ಮಣ್ಣು ಮುಗಿಸಿ ಬಂದ ಮಾಮಾ ಅವಳ ಬಗ್ಗೆ ನನ್ನೆದುರು ಒಂದು ಮಾತೂ ಆಡಿರಲಿಲ್ಲ. ಕೆಲಸಕ್ಕೆ ಮರಳಿದ ದಿನವೂ ಅಂಕದ ಜಗಳವನ್ನೇ ತೆಗೆದಿದ್ದ. ಎಂಥ ಕಲ್ಲುಮನಸ್ಸಿನವನಪ್ಪಾ ಎಂದುಕೊಂಡಿದ್ದೆ.

‘ಇವತ್ತೂ ನೀ ಊಟದ ಡಬ್ಬಿ ತಗೀಲಿಲ್ಲ. ನೋಡೇನಿ.’

‘ನಿಮ್ಮತ್ತಿ ಪುಂಡಿಪಲ್ಲೆ ಮಾಡ್ಯಾಳ. ಅಕ್ಕ ಮಾಡಿದಂಗ ಆಗಿಲ್ಲ. ಆದ್ರೂ ಬಾ.’

‘ಜಗಳ ತಗದ್ರರ ಮಾತಾಡ್ತಿ ಅಂತ ತಗೀತೇನಿ. ಸಿಟ್ಟಾಗಬ್ಯಾಡ.’

‘ಅಕ್ಕನ ಮನಿ ಮುಂದ ಹಾದ್ರ ಕರದಂಗ ಆಗತೈತಿ. ಕೆರಿ ಕಡಿ ಓಣಿ ಹಿಡದು ಸುತ್ತಿ ಬರಾಕತ್ತೇನಿ.’

ಓದಿ ಮುಗಿಸಿದಾಗ ಕಚೇರಿ ಮುಚ್ಚುವ ಹೊತ್ತು. ಮಾಮಾ ತನ್ನ ಮೇಜಿನ ಕಾಗದ ಜೋಡಿಸುತ್ತಿದ್ದ.

“ನನ್ನ ಪೆಟಗಿ ಯಾಕ ನೋಡಲಿಲ್ಲ ಮಾಮಾ? ಸಂಘದ್ದೆಲ್ಲಾ ನೋಡ್ತಿ.”

ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ಅವನಿಗೆ ತಿಳಿಯಿತು. “ಅದರ ಮ್ಯಾಲೆ ನಿನ್ನ ಹೆಸರಿತ್ತು” ಎಂದ. ಕಾಗದಗಳನ್ನು ಬದಿಗಿಟ್ಟು ಕೇಳಿದ, “ಎಲ್ಲಾ ಓದಿದೇನ?”

“ಎಲ್ಲಾ ಓದಿದೆ.”

ಅವನು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸತೊಡಗಿದ. ಒರೆಸುತ್ತಲೇ ಇದ್ದ. ನಾನು ಸರ್ವರಿನ ಕೋಣೆಗೆ ಬೀಗ ಹಾಕಿ, ಅವನ ಕೊಡೆಯನ್ನೂ ಎತ್ತಿಕೊಂಡೆ. ಇಬ್ಬರೂ ರಸ್ತೆಗೆ ಬಂದೆವು. ಅವನು ಎಂದಿನಂತೆ ಕೆರೆಯ ಕಡೆ ತಿರುಗಿದ. ನಾನು ಅವನ ತೋಳು ಹಿಡಿದು ನೆಟ್ಟಗಿನ ದಾರಿಗೆ ತಿರುಗಿಸಿದೆ. ಜೊತೆಗೆ ಬಂದ.

ಅವ್ವ ಇದ್ದ ಮನೆಯಲ್ಲಿ ಈಗ ನಮ್ಮಣ್ಣನ ಸಂಸಾರ. ಬಾಗಿಲು ತೆರೆದಿತ್ತು. ಕಟ್ಟೆಯ ಹತ್ತಿರ ಬಂದಾಗ ಮಾಮಾ ನಿಂತ.

“ನೀ ಮೊದಲ ಹೋಗವಾ” ಎಂದ.

“ಕೂಡೇ ಹೋಗೂಣು” ಎಂದೆ. ಚಪ್ಪಲಿ ಕಳಚಿದೆವು.