ತಡೆದು ಹೊತ್ತುವ ಸರಕು

ಬೆಂಕಿಯ ವಿಷಯದಲ್ಲಿ ಇಡೀ ಕಲಬುರಗಿಯಲ್ಲಿ ನನ್ನಷ್ಟು ತಿಳಿದವನಿಲ್ಲ ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡಿದ್ದೆ. ಸುಳ್ಳೇನಲ್ಲ! ಮೋಮಿನಪುರದ ಬದಿಯ ಗೋದಾಮಿನಲ್ಲಿ ನಾನು ಮುನ್ಶಿ. ಹೈದರಾಬಾದಿಗೆ ಹೋಗುವ ಸರಕಿಗೆಲ್ಲ ಚೀಟಿ ಅಂಟಿಸುವ ಮಹಾಧಿಕಾರ ನನ್ನದು. ಅರಳೆ, ಚಿಮಣಿ ಎಣ್ಣೆಗೆ ‘ತಟ್ಟನೆ ಹೊತ್ತುವುದು’. ಮರದ ದಿಮ್ಮಿ, ತೊಗರಿ ಮೂಟೆಗೆ ‘ತಡೆದು ಹೊತ್ತುವುದು’.

ಒಂದು ದಿನ ರೊಟ್ಟಿ ತಡವಾಯಿತು. “ಒಲಿ ಹಚ್ಚೂದು ಏನು ಮಹಾ ಕೆಲಸ?” ಎಂದು ಸಿಡುಕಿದೆ.

“ಹಂಗಾದ್ರ ನೀವ ಹಚ್ಚಿಕೋರಿ” ಎಂದು ಜಯದೇವಿ ಕಮಲಾಪುರದ ತವರಿಗೆ ಹೊರಟೇಬಿಟ್ಟಳು. ಹೋಗುವ ಮುನ್ನ ತುಸು ಹೊತ್ತು ಒಲೆಯ ಮುಂದೆ ಕೂತಿದ್ದಳು. ಏಕೆಂದು ನಾನು ಕೇಳಲಿಲ್ಲ.

ನನ್ನ ಮೊದಲ ಪರಾಕ್ರಮ ಒಲೆಯ ಶುದ್ಧೀಕರಣ. ಗುಡ್ಡೆಯಾಗಿದ್ದ ಬೂದಿಯನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿ ಅದರ ಮೇಲೆ ನೀರು ಸುರಿದೆ. ಚುಂಯ್ ಎಂದಿತು. ಆಮೇಲೆ ಸಗಣಿಯ ಕುಳ್ಳು ಒಟ್ಟಿ ಕಡ್ಡಿ ಗೀರಿದೆ. ಗೀರುತ್ತಲೇ ಹೋದೆ. ಒಂದೇ ಕಡ್ಡಿ ಉಳಿದಾಗ ಅರ್ಧ ಸೀಸೆ ಚಿಮಣಿ ಎಣ್ಣೆ ಸುರಿದು, ಆ ಕಡ್ಡಿ ಗೀರಿ ಬಗ್ಗಿದೆ. ಭಗ್ ಎಂದು ಎಡಗಡೆಯ ಮೀಸೆ ಹೋಯಿತು. ಎಣ್ಣೆ ತೀರಿದೊಡನೆ ಬೆಂಕಿಯೂ ತೀರಿತು. ಕುಳ್ಳು ಮಾತ್ರ ಹಾಗೇ ಕೂತಿತ್ತು.

ಪಕ್ಕದ ಮನೆಯ ಮುದುಕಿ ದಿಲ್ಶಾದ್ ಬೇಗಂ ಗೋಡೆಯಾಚೆಯಿಂದ ಇಣುಕಿದರು. “ಮುನ್ಶೀಜೀ, ಎಣ್ಣಿ ಬ್ಯಾರೆ, ಕುಳ್ಳು ಬ್ಯಾರೆ. ಎಣ್ಣಿ ಲಗೂ ಹೊತ್ತತದ, ಲಗೂ ಹೋಗ್ತದ. ಕುಳ್ಳಿಗಿ ಕೆಂಡ ಬೇಕು, ಮತ್ತ ಸಬರ್ ಬೇಕು.”

ಸಬರ್, ಅಂದರೆ ತಾಳ್ಮೆ ಎಂಬ ಸರಕು ನನ್ನ ಗೋದಾಮಿಗೆ ಬಂದೇ ಇರಲಿಲ್ಲ. ಹತ್ತು ದಿನ ಚುರುಮುರಿ ತಿಂದೆ. ಸಂಜೆ ಬಾಗಿಲು ತೆರೆದರೆ ಮನೆಯಲ್ಲಿ ಹೊಗೆಯ ವಾಸನೆಯೂ ಇಲ್ಲ, ಬೈಯುವವರೂ ಇಲ್ಲ. ಸುಮ್ಮನೆ ಜೋರಾಗಿ ಕೆಮ್ಮಿ ನನ್ನ ದನಿ ನಾನೇ ಕೇಳಿಸಿಕೊಳ್ಳುತ್ತಿದ್ದೆ. ಅವಳಿಲ್ಲದೆ ಬೇಸರವಾಗಿತ್ತು, ಅಷ್ಟೇ. ಹನ್ನೊಂದನೆಯ ದಿನ ಜಂಬ ಬಿಟ್ಟು, ಅರ್ಧ ಮೀಸೆ ಹೊತ್ತು ಕಮಲಾಪುರದ ಬಂಡಿ ಹತ್ತಿದೆ.

ಜಯದೇವಿ ಬಾಗಿಲಲ್ಲೇ ನಿಂತು ಮೀಸೆ ನೋಡಿದಳು. ನಗಲಿಲ್ಲ.

“ಒಲಿ ಆರ್ಯಾದ. ಬಾ” ಎಂದೆ.

“ಬೂದ್ಯಾಗ ಕೆಂಡ ಮುಚ್ಚಿಟ್ಟು ಬಂದಿದ್ದೆ. ಎರಡು ದಿನ ಇರ್ತದ. ಅದು ಆರೂದ್ರೊಳಗ ಕರ್ಯಾಕ ಬರ್ತೀರಿ ಅಂತ ದಾರಿ ನೋಡಿದೆ.”

ಮೊದಲ ದಿನವೇ ಅದರ ಮೇಲೆ ನೀರು ಸುರಿದಿದ್ದ ನಾನು ಉಳಿದರ್ಧ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡೆ.

ಬಟ್ಟೆಯ ಗಂಟು ತರಲು ಅವಳು ಒಳಗೆ ನಡೆದಳು. ಅಲ್ಲಿಂದಲೇ ಕೇಳಿದಳು: “ಹನ್ನೊಂದು ದಿನಕ್ಕ ಬಂದೀರಲ್ಲ, ನಿಮಗ ಯಾವ ಚೀಟಿ ಅಂಟಸ್ಲಿ?”